ಸದರಿ ಕಾರಿನ ನಡುವಿನ ಎರಡು ಕಾಯಿಲ್

ಮಾನ್ಯ ಓದುಗರ ಸನ್ನಿಧಿಗೆ,

ವಿಜಯಪುರದಿಂದ ತೊರವಿಗೆ ಹೋಗುವ ರಸ್ತೆಯ ಬದಿಯಲ್ಲಿ ವಾಹನಗಳ ವೈರಿಂಗ್ ಕೆಲಸ ಮಾಡಿಕೊಂಡಿರುವ ದಸ್ತಗೀರನಾದ ನಾನು ವಿನಯಪೂರ್ವಕವಾಗಿ ಬರೆದುಕೊಳ್ಳುವುದೇನೆಂದರೆ, ಮೊಟ್ಟಮೊದಲಿಗೆ ನನ್ನ ಕಾಗುಣಿತಕ್ಕೂ ಕೈಬರಹಕ್ಕೂ ಕ್ಷಮೆ ಇರಲಿ. ಸ್ಕ್ರೂಡ್ರೈವರ್ ಹಿಡಿದು ಪಳಗಿದ ಬೆರಳು ಪೆನ್ನು ಹಿಡಿದಾಗಲೂ ಅದೇ ಬಲದಿಂದ ಒತ್ತುತ್ತದೆ; ಹಾಳೆಯ ಹಿಂಬದಿಯಲ್ಲಿಯೂ ಅಕ್ಷರ ಮೂಡಿರುವುದನ್ನು ತಾವು ಗಮನಿಸಬಹುದು. ಇದುವರೆಗೆ ನಾನು ಬರೆದಿರುವುದು ಒಂದೇ ಬಗೆಯ ಬರಹ. ಕಚೇರಿಯೊಂದರ ಜೀಪುಗಳ ದುರಸ್ತಿಗೆ ದರಪಟ್ಟಿ ಸಲ್ಲಿಸುವಾಗ ಅದರೊಂದಿಗೆ ಲಗತ್ತಿಸುವ ಅರ್ಜಿ. ಆದ್ದರಿಂದ ಕೈ ತಾನಾಗಿಯೇ 'ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ' ಎಂಬ ಕಡೆಗೆ ಹೊರಳುತ್ತದೆ. ತಡೆಯಲು ಪ್ರಯತ್ನಿಸುತ್ತೇನೆ. ತಡೆಯಲಾಗದಿದ್ದಲ್ಲಿ ಮನ್ನಿಸಬೇಕು.

ಈ ಹಾಳೆ ಫ್ಯಾನಿನ ಗಾಳಿಗೆ ಹಾರಿಹೋಗದಂತೆ ಅದರ ಮೇಲೆ ಒಂದು ಸುಟ್ಟ ಕಾಯಿಲ್ ಇಟ್ಟಿದ್ದೇನೆ. ತಿಳಿಯದವರ ಅವಗಾಹನೆಗಾಗಿ ಹೇಳುವುದಾದರೆ, ಬ್ಯಾಟರಿಯಿಂದ ಬರುವ ಸಾಧು ಕರೆಂಟನ್ನು ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಿಸುವಷ್ಟು ಜೋರು ಮಾಡುವ ಸಾಮಾನು ಇದು. ಹಿಂದಿನ ಕಾರುಗಳಲ್ಲಿ ಚಹದ ಗ್ಲಾಸಿನಷ್ಟು ದಪ್ಪದ ಒಂದೇ ಕಾಯಿಲ್ ಇರುತ್ತಿತ್ತು. ಈಗಿನ ಕಾರುಗಳಲ್ಲಿ ಪ್ರತಿ ಪ್ಲಗ್ಗಿಗೂ ಒಂದೊಂದು. ಎಂಜಿನ್ನಿನ ನೆತ್ತಿಯಲ್ಲಿ ಚಿಕ್ಕ ಬಾವಿಗಳಂಥ ಕುಳಿಗಳಿರುತ್ತವೆ. ತಳದಲ್ಲಿ ಪ್ಲಗ್ಗು, ಮೇಲಿನಿಂದ ಅದರ ತಲೆಗೆ ರಬ್ಬರಿನ ಕಾಲು ಇಳಿಬಿಟ್ಟುಕೊಂಡು ಕಾಯಿಲ್. ಎಲ್ಲಕ್ಕೂ ಮೇಲೆ ಚೆಂದ ಕಾಣಲೆಂದು ಮತ್ತು ಧೂಳು ಬೀಳದಿರಲೆಂದು ಒಂದು ಪ್ಲಾಸ್ಟಿಕ್ ಮುಚ್ಚಳ. ಈ ಮುಚ್ಚಳವನ್ನು ದಯವಿಟ್ಟು ನೆನಪಿನಲ್ಲಿಡಬೇಕು.

ನನ್ನ ಹೆಂಡತಿ ಈ ಕಾಯಿಲನ್ನು ಗುಜರಿಯ ಚೀಲಕ್ಕೆ ಹಾಕುತ್ತಾಳೆ. ನಾನು ಮತ್ತೆ ತೆಗೆದು ಮೇಜಿನ ಮೇಲೆ ಇಡುತ್ತೇನೆ. ಮಂದಿ ಗೆದ್ದ ಕಪ್ಪು ಇಟ್ಟುಕೊಳ್ಳುತ್ತಾರೆ, ನೀವು ಸೋತದ್ದನ್ನು ಇಟ್ಟುಕೊಂಡಿದ್ದೀರಿ ಎಂಬುದು ಅವಳ ಆಕ್ಷೇಪಣೆ. ಆಕ್ಷೇಪಣೆ ಸರಿಯಾಗಿಯೇ ಇದೆ.

ಸದರಿ ಕಾಯಿಲ್ ಟಿಕೋಟದ ನೀಲವ್ವನವರ ಮನೆಯ ಕಾರಿನದು. ನೀಲವ್ವನವರನ್ನು ಗಿರಾಕಿ ಎಂದು ಬರೆದರೆ ನನ್ನ ತಂದೆ ಗೋರಿಯಿಂದ ಎದ್ದು ಬರುತ್ತಾರೆ. ತಂದೆ ಇದೇ ನಗರದಲ್ಲಿ ಟಾಂಗಾ ಹೊಡೆಯುತ್ತಿದ್ದರು. ಸೊಲ್ಲಾಪುರದ ಕಡೆಯ ನೀಲವ್ವ ಮದುವೆಯಾಗಿ ರೈಲಿನಲ್ಲಿ ಬಂದಿಳಿದ ದಿನ, ನಿಲ್ದಾಣದಿಂದ ಟಿಕೋಟದ ಬಸ್ಸು ನಿಲ್ಲುವಲ್ಲಿಗೆ ಮದುಮಕ್ಕಳನ್ನು ಕರೆದೊಯ್ದದ್ದು ಅವರ ಟಾಂಗಾವೇ. ಮದುಮಗಳು ದಾರಿಯುದ್ದಕ್ಕೂ ಅಳುತ್ತಿದ್ದಳಂತೆ. ಜೊತೆಗಿದ್ದ ಹಿರಿಯರ ಸಮಾಧಾನದ ಮಾತೊಂದೂ ನಾಟಲಿಲ್ಲ. ತಂದೆ ಹಿಂದಿರುಗಿ ನೋಡದೆಯೇ, ಲಗಾಮು ಹಿಡಿದುಕೊಂಡೇ ಹೇಳಿದರಂತೆ: "ಈ ಕುದುರಿನೂ ಸೊಲ್ಲಾಪುರದ್ದ ಅದ ಯವ್ವಾ. ಬಂದ ಹೊಸದಾಗ ಮೇವ ಮುಟ್ಟಲಿಲ್ಲ. ಈಗ ನನ್ನ ಪಾಲಿಂದೂ ತಿಂತದ."

ಅಳು ಅಲ್ಲಿಗೆ ನಿಂತಿತು. ಅಂದಿನಿಂದ ಆ ಮನೆಯವರು ನಗರಕ್ಕೆ ಬಂದರೆ ಬೇರೆ ಟಾಂಗಾ ಹತ್ತಲಿಲ್ಲ. ಟಾಂಗಾ ಹೋಗಿ ಅವರಿಗೆ ಮೋಟಾರ್‌ಸೈಕಲ್ ಬಂತು, ಕಾರು ಬಂತು. ತಂದೆ ಹೋಗಿ ನಾನು ಬಂದೆ. ಅವರ ಮನೆಯ ಯಾವ ವಾಹನಕ್ಕೂ ಬೇರೆ ಮಿಸ್ತ್ರಿಯ ಕೈ ತಾಗಿರಲಿಲ್ಲ. ನನಗಿರುವ ಆಸ್ತಿಯಲ್ಲಿ ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದದ್ದು ಇದೊಂದನ್ನೇ.

ಕುದುರೆಯ ಮಾತು ಬಂದದ್ದರಿಂದ ವಿಷಯಾಂತರಕ್ಕೆ ಅನುಮತಿ ಕೋರುತ್ತೇನೆ. ಅದೇ ಕುದುರೆ ಮುಂದೆ ಒಂದು ವಿಚಿತ್ರ ರೋಗ ಹಚ್ಚಿಕೊಂಡಿತು. ಸ್ಟೇಶನ್ ರಸ್ತೆಯ ಒಂದು ಭಜಿ ಅಂಗಡಿಯ ಮುಂದೆ ಬಂದೊಡನೆ ನಿಂತುಬಿಡುವುದು. ಟಾಂಗಾ ತುಂಬ ಪ್ರಯಾಣಿಕರಿರಲಿ, ರೈಲು ಸೀಟಿ ಹೊಡೆಯುತ್ತಿರಲಿ, ಒಂದು ಹೆಜ್ಜೆ ಮುಂದಿಡುತ್ತಿರಲಿಲ್ಲ. ತಂದೆ ಗೊರಸು ನೋಡಿಸಿದರು, ಲಾಳ ಬದಲಿಸಿದರು, ಲಾಳ ಹೊಡೆದವನೊಡನೆ ಜಗಳವಾಡಿದರು, ದೃಷ್ಟಿಯಾಗಿದೆಯೆಂದು ಕಪ್ಪು ದಾರ ಕಟ್ಟಿದರು. ಕಡೆಗೆ ಅಂಗಡಿಯವನೇ ನಗುತ್ತ ಹೇಳಬೇಕಾಯಿತು: ಮಧ್ಯಾಹ್ನದ ಹೊತ್ತು ತಂದೆ ಅಲ್ಲಿ ನಿಂತು ಭಜಿ ತಿನ್ನುವಾಗ ಪ್ರತಿ ಸಲ ಒಂದು ತುಂಡನ್ನು ಕುದುರೆಯ ಬಾಯಿಗೆ ಕೊಡುತ್ತಿದ್ದರು. ಇದು ತಂದೆಗೆ ತಿಳಿದಿರಲಿಲ್ಲವೆಂದಲ್ಲ. ಕೊಡುವುದು ಅವರ ಕೈಗೆ ಅಷ್ಟು ರೂಢಿಯಾಗಿ, ತಾವು ಮಾಡುವ ಕೆಲಸಗಳ ಪೈಕಿ ಅದೂ ಒಂದೆಂದು ಅವರಿಗೆ ಅನ್ನಿಸಿಯೇ ಇರಲಿಲ್ಲ. ಈ ಕಥೆಯನ್ನು ಹೇಳಿ ನಾನು ಎಷ್ಟೋ ಸಲ ತಂದೆಯನ್ನು ಗೇಲಿ ಮಾಡಿದ್ದೇನೆ. ಇನ್ನು ಮುಂದೆ ಮಾಡುವಂತಿಲ್ಲ.

ಈಗ ಕಾರಿಗೆ ಬರುತ್ತೇನೆ. ನೀಲವ್ವನವರ ಮಗ ಶಿವಾನಂದ ಮಾಸ್ತರರು ಬಬಲೇಶ್ವರದ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾರೆ. ಟಿಕೋಟದಿಂದ ದಿನವೂ ಕಾರಿನಲ್ಲಿ ಹೋಗಿಬರುವುದು ಅವರ ರೂಢಿ. ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ಅವರು ಫೋನು ಮಾಡಿ, ಗಾಡಿ ನಡುಗುತ್ತಿದೆ, ಏರಿನಲ್ಲಿ ಉಸಿರು ಹಿಡಿಯುತ್ತಿಲ್ಲ ಎಂದರು. ನಮ್ಮ ಭಾಷೆಯಲ್ಲಿ ಇದನ್ನು ಗಾಡಿ ಮಿಸ್ ಹೊಡೆಯುವುದು ಎನ್ನುತ್ತೇವೆ. ನೋಡಿದರೆ ಸಾಲಿನ ನಾಲ್ಕು ಕಾಯಿಲುಗಳಲ್ಲಿ ನಡುವಿನದೊಂದು ಹೋಗಿತ್ತು. ಬಹಳ ಓಡಿದ ಕಾರು, ಹೋಗುವುದು ಸಹಜ. ಹೊಸದು ಹಾಕಿ, ಗಾಡಿಯನ್ನು ನಾನೇ ಟಿಕೋಟಕ್ಕೆ ಮುಟ್ಟಿಸಿದೆ.

ಆ ಮನೆಯಲ್ಲಿ ಒಂದು ಪದ್ಧತಿಯಿದೆ. ದುರಸ್ತಿಯಾಗಿ ಬಂದ ಯಾವ ಯಂತ್ರವೂ ಪೂಜೆಯಾಗದೆ ಕೆಲಸಕ್ಕೆ ಹೂಡುವಂತಿಲ್ಲ. ಹಿಂದೆ ಅವರ ತೋಟದ ಬಾವಿಯ ಮೇಲೆ ಎಣ್ಣೆ ಎಂಜಿನ್ ಇತ್ತು. ನೀಲವ್ವ ಅದಕ್ಕೆ ನೀರು ಹಾಕಿ, ವಿಭೂತಿ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು ಅದರ ನೀರನ್ನು ಎಂಜಿನ್ನಿನ ಮೈಮೇಲೆಯೇ ಸುರಿಯುತ್ತಿದ್ದರು. ಆ ಕಬ್ಬಿಣದ ಗುಂಡು ಇದರಿಂದ ಎಂದೂ ಬೇಸರಿಸಿದ್ದಿಲ್ಲ. ಈ ಕಾರಿನ ಎಂಜಿನ್ ದುರಸ್ತಿಗೆ ಬಂದದ್ದು ಅದೇ ಮೊದಲು; ಅದಕ್ಕೂ ಅದೇ ಕ್ರಮ. ಬಾನೆಟ್ಟಿನ ಮೇಲೆ ಕುಂಕುಮ ಹಚ್ಚಿ ಬಿಡುವವರನ್ನು ಕಂಡರೆ ಅವರಿಗೆ ಸೇರದು. ಪೂಜೆ ಮಾರಿಗಲ್ಲ, ಅಂದರೆ ಮುಖಕ್ಕಲ್ಲ, ಹೊಟ್ಟೆಗೆ ಎನ್ನುತ್ತಾರೆ. ಆದ್ದರಿಂದ ಬಾನೆಟ್ ಎತ್ತಬೇಕು. ಎತ್ತಿದರೆ ಪ್ಲಾಸ್ಟಿಕ್ ಮುಚ್ಚಳ ಕಾಣುತ್ತದೆ. ಅದು ಎಂಜಿನ್ನಲ್ಲ, ಅದರ ಟೊಪ್ಪಿಗೆ. ದೇವರ ಮುಂದೆ ಟೊಪ್ಪಿಗೆ ತೆಗೆಯಬೇಕಲ್ಲವೆ? ಅವರು ನನ್ನ ಕಡೆ ನೋಡಿದರು. ನಾನು ಮುಚ್ಚಳದ ಗುಂಡಿಗಳನ್ನು ಪಟಪಟನೆ ಬಿಡಿಸಿ, ತೆಗೆದು, ಕಂಕುಳಲ್ಲಿ ಇಟ್ಟುಕೊಂಡು ಬದಿಗೆ ನಿಂತೆ.

ನಿಂತು ಕಣ್ಣು ಮುಚ್ಚಿದೆ. ಇದು ನಮ್ಮ ತಂದೆ ಕಲಿಸಿದ ಮರ್ಯಾದೆ. ಬೇರೆಯವರ ದೇವರ ಮುಂದೆ ನಿಂತಾಗ ತಲೆ ತಗ್ಗಿಸಿ ಕಣ್ಣು ಮುಚ್ಚಬೇಕು. ದಿಟ್ಟಿಸಿ ನೋಡಿದರೆ ಅವರ ಭಕ್ತಿಯನ್ನು ತಪಾಸಣೆ ಮಾಡಿದಂತಾಗುತ್ತದೆ ಎನ್ನುತ್ತಿದ್ದರು. ಗಂಟೆ ಬಾರಿಸುವುದು ಕೇಳಿತು, ಕಾಯಿ ಒಡೆಯುವುದು ಕೇಳಿತು, ಊದುಬತ್ತಿ ಮೂಗಿಗೆ ಬಂತು. ಕಣ್ಣು ತೆರೆದಾಗ ನನ್ನ ಅಂಗೈಯಲ್ಲಿ ಕೊಬ್ಬರಿಯ ತುಂಡೂ ಬೆಲ್ಲವೂ ಇದ್ದವು. ಮುಚ್ಚಳವನ್ನು ಸ್ವಸ್ಥಾನದಲ್ಲಿ ಕೂರಿಸಿ, ಅವರ ಮನೆಯಲ್ಲಿ ರೊಟ್ಟಿ ಉಂಡು, ಬಸ್ಸಿನಲ್ಲಿ ಹಿಂದಿರುಗಿದೆ.

ಕೆಲವು ದಿನಗಳ ಬಳಿಕ ಕಾರು ಮತ್ತೆ ಮಿಸ್ ಹೊಡೆಯಿತು. ಈ ಸಲ ಅದರ ಪಕ್ಕದ, ನಡುವಿನ ಇನ್ನೊಂದು ಕಾಯಿಲ್. ಅದನ್ನೂ ಬದಲಿಸಿದೆ, ಮತ್ತೆ ಪೂಜೆಯಾಯಿತು. ಮೊದಲನೆಯದು ಫಲಿಸಲಿಲ್ಲವೆಂದು ನೀಲವ್ವ ಎರಡನೆಯದನ್ನು ಇನ್ನಷ್ಟು ಶ್ರದ್ಧೆಯಿಂದ ಮಾಡಿದರು. ನಾನೂ ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿದೆ. ಆಮೇಲೆ ನಾನು ಹೊಸದಾಗಿ ಹಾಕಿದ್ದ ಕಾಯಿಲೇ ಸುಟ್ಟುಹೋಯಿತು.

ಇಲ್ಲಿಂದ ನನ್ನ ನಾಚಿಕೆಯ ಅಧ್ಯಾಯ ಆರಂಭವಾಗುತ್ತದೆ. ಒಂದೇ ಸಾಮಾನು ಮತ್ತೆ ಮತ್ತೆ ಹೋದರೆ ಸಾಮಾನಿನ ತಪ್ಪಲ್ಲ, ಅದನ್ನು ಕೊಲ್ಲುತ್ತಿರುವುದು ಬೇರೇನೋ ಇದೆ ಎಂಬುದು ನಮ್ಮ ಕಸುಬಿನ ಮೊದಲ ಪಾಠ. ನಾನು ಬ್ಯಾಟರಿ ನೋಡಿದೆ, ಚಾರ್ಜಿಂಗ್ ನೋಡಿದೆ, ಅರ್ಥಿಂಗಿನ ವೈರು ಬಿಚ್ಚಿ ತುಕ್ಕು ಕೆರೆದು ಕಟ್ಟಿದೆ. ಪ್ಲಗ್ಗುಗಳನ್ನು ಬದಲಿಸಿದೆ. ತುದಿಯ ಕಾಯಿಲನ್ನು ನಡುವಿಗೆ, ನಡುವಿನದನ್ನು ತುದಿಗೆ ಹಾಕಿ ರೋಗ ಯಾರ ಹಿಂದೆ ಹೋಗುತ್ತದೆಂದು ಕಾದೆ. ಅದು ಯಾವ ಕಾಯಿಲಿನ ಹಿಂದೆಯೂ ಹೋಗಲಿಲ್ಲ. ಯಾವ ಕಾಯಿಲ್ ನಡುವೆ ಕುಳಿತರೂ ಅದೇ ಸಾಯುತ್ತಿತ್ತು. ತುದಿಯ ಎರಡೂ ಹಾಯಾಗಿದ್ದವು.

ಇನ್ನೊಂದು ವಿಷಯವನ್ನೂ ದಾಖಲಿಸಬೇಕು. ನನಗೆ ಕೆಲಸ ಕಲಿಸಿದ ಉಸ್ತಾದರು ಸುಟ್ಟ ಸಾಮಾನನ್ನು ಮೊದಲು ಮೂಸಲು ಹೇಳುತ್ತಿದ್ದರು. ಸುಟ್ಟ ವಾರ್ನಿಶ್ ಒಂದು ವಾಸನೆ, ಸುಟ್ಟ ರಬ್ಬರ್ ಒಂದು, ಆಯಿಲ್ ಬೇರೆ. ಮೂಸದೆ ಮೀಟರ್ ಹಚ್ಚಿದರೆ ತಲೆಗೆ ಒಂದು ಬೀಳುತ್ತಿತ್ತು. ಆ ಪ್ರಕಾರ ಈ ಕಾಯಿಲುಗಳನ್ನೂ ಮೂಸಿದೆ. ಹೋಳಿಗೆಯ ಹೂರಣ ತಳ ಹಿಡಿದಂಥ ವಾಸನೆ. ರಬ್ಬರಿನ ಕಾಲಿಗೆ ಪಾಕದಂಥ ಕಂದು ಅಂಟು. ನಾನು ಏನು ಮಾಡಿದೆ? ರಬ್ಬರ್ ಕರಗಿದೆ ಎಂದುಕೊಂಡೆ. ವಾಸನೆಯನ್ನು ನನ್ನ ಸಿಹಿಮೂತ್ರದ ಕಾಯಿಲೆಯ ಲೆಕ್ಕಕ್ಕೆ ಬರೆದೆ. ಡಾಕ್ಟರರು ಸಿಹಿ ಬಿಡಿಸಿದ ಮೇಲೆ ನನಗೆ ಎಲ್ಲೆಲ್ಲಿಯೂ ಸಿಹಿಯ ವಾಸನೆಯೇ ಬರುತ್ತಿತ್ತು. ಮೂಗು ಸತ್ಯ ಹೇಳಿತ್ತು. ಮೂಗಿಗೆ ನಾನೇ ನೋಟಿಸು ಕೊಟ್ಟೆ.

ಬಳಿಕ ತಪ್ಪನ್ನು ಬೇರೆಯವರ ಮನೆಯಲ್ಲಿ ಹುಡುಕಿದೆ. ಬಿಡಿಭಾಗದ ಅಂಗಡಿಯವರು ನಕಲಿ ಮಾಲು ಕೊಟ್ಟಿದ್ದಾರೆಂದು ನಾಲ್ಕು ಜನರ ಮುಂದೆ ಹೇಳಿದೆ. ಅವರು ಮುದ್ರೆ ಒಡೆಯದ ಡಬ್ಬಿಯನ್ನು ನನ್ನ ಕೈಯಿಂದಲೇ ಒಡೆಸಿ ಕೊಟ್ಟರು. ಲಾಳ ಹೊಡೆದವನೊಡನೆ ತಂದೆ ಆಡಿದ ಜಗಳ ಆಗ ನೆನಪಾಗಬೇಕಿತ್ತು, ಆಗಲಿಲ್ಲ.

ಆ ಡಬ್ಬಿಯ ಕಾಯಿಲೂ ಪೂಜೆಯಾಗಿ, ಕೆಲವು ದಿನ ಓಡಿ, ಸಾರವಾಡದ ಹತ್ತಿರ ಪ್ರಾಣ ಬಿಟ್ಟಿತು. ಪಕ್ಕದ್ದೂ ಅದರ ಜೊತೆಗೆ ಹೋಯಿತು. ಮಾಸ್ತರರು ಶಾಲೆ ಬಿಟ್ಟ ಮೇಲೆ ಏನೋ ಕೆಲಸಕ್ಕೆಂದು ಬಬಲೇಶ್ವರದಿಂದ ನೇರವಾಗಿ ನಗರಕ್ಕೆ ಬರುತ್ತಿದ್ದರು. ಅಲ್ಲಿಯ ರೈತನೊಬ್ಬನು ತನ್ನ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ನಗರದ ನಡುವಿನಿಂದ ಎಳೆದುಕೊಂಡು ಬಂದು ನನ್ನ ಅಂಗಡಿಯ ಮುಂದೆ ನಿಲ್ಲಿಸಿದನು. ಎದುರಿನ ಚಹದಂಗಡಿಯ ಮಂದಿಯೆಲ್ಲ ಎದ್ದು ನಿಂತರು. ಹಗ್ಗ ಬಿಚ್ಚುತ್ತ ಆತ ಹೇಳಿದ್ದು ಇಷ್ಟೇ: "ಮಾಸ್ತರ, ಇದಕ್ಕ ಎರಡ ಎತ್ತ ಹೂಡ್ರಿ. ಕಿಡಿನೂ ಬ್ಯಾಡ, ಮಿಸ್ತ್ರಿನೂ ಬ್ಯಾಡ."

ಮಾಸ್ತರರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ನನ್ನನ್ನು ಬದಿಗೆ ಕರೆದು ಮೆತ್ತಗೆ ಹೇಳಿದರು: "ದಸ್ತಗೀರಣ್ಣ, ನಿಮ್ಮ ಕೈಯಾಗ ತಪ್ಪಿಲ್ಲ, ಸಾಮಾನಿನ್ಯಾಗ ಅದ ಅಂತ ನಾ ಮಂದಿಗೆ ಹೇಳ್ಕೋತ ಹೊಂಟೀನಿ. ಇನ್ನ ಎಷ್ಟ ದಿನಾ ಹೇಳ್ಲಿ?"

ಈ ಸಲವೂ ಕೆಟ್ಟರೆ ಅವರು ಬೇರೆ ಮಿಸ್ತ್ರಿಯನ್ನು ನೋಡಿಕೊಳ್ಳುತ್ತಾರೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ, ಇಬ್ಬರಿಗೂ ತಿಳಿದಿತ್ತು. ತಂದೆಯ ಕಾಲದ ನಂಟು ಎರಡು ಕಾಯಿಲಿಗೆ ತೂಗಿಕೊಂಡಿತ್ತು.

ಕಾರನ್ನು ಸಿದ್ಧಪಡಿಸಿ ಟಿಕೋಟಕ್ಕೆ ಒಯ್ದಾಗ ಮನೆಯ ಮುಂದೆ ಓಣಿಯ ಜನರೇ ನೆರೆದಿದ್ದರು. ಮಗ ನನ್ನ ಮೇಲೆ ಸಂಶಯಪಟ್ಟಿರುವ ಸುದ್ದಿ ನೀಲವ್ವನವರಿಗೆ ತಲುಪಿತ್ತು. ಅವರೇ ಎಲ್ಲರನ್ನೂ ಕರೆಸಿದ್ದರು. ಎಂದಿನಂತೆ ನಾನು ಮುಚ್ಚಳ ತೆಗೆದೆ, ಬದಿಗೆ ಸರಿದೆ, ಕಣ್ಣು ಮುಚ್ಚಿದೆ. ಗಂಟೆ ಮೊಳಗಿತು, ಕಾಯಿ ಒಡೆಯಿತು. ಆ ಬಳಿಕ ನನ್ನ ಮೊಣಕೈಯನ್ನು ಯಾರೋ ಹಿಡಿದರು. ಕಣ್ಣು ತೆರೆದರೆ ನೀಲವ್ವ, ಅವರ ಕೈಯಲ್ಲಿ ನೀರು ತುಂಬಿದ ಕಾಯಿಯ ಹೋಳು.

"ಈತನ ಅಪ್ಪನ ಟಾಂಗಾದಾಗ ಕುಂತು ನಾ ಈ ಊರಿಗಿ ಬಂದಾಕಿ," ಎಂದು ಅವರು ನೆರೆದವರಿಗೆ ಹೇಳಿದರು. "ಆ ಗಾಲಿ ಎಂದೂ ನಡುದಾರ್ಯಾಗ ಕೈ ಬಿಟ್ಟಿಲ್ಲ. ಈ ಕೈನೂ ಬಿಡಂಗಿಲ್ಲ. ಹಿಡಿ ತಮ್ಮಾ, ಈ ಸಲ ನೀರ ನೀನ ಹಾಕು."

ಆ ಮಾತು ಕೇಳಿದ ಮೇಲೆ ಹಿಂದುಮುಂದು ಯೋಚಿಸಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಹೋಳನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಅವರು ಬೆರಳು ತೋರಿಸಿದ ಎಂಜಿನ್ನಿನ ನಟ್ಟನಡುವೆ ಸುರಿದೆ. ಸುರಿಯುವವನಿಗೆ ಕಣ್ಣು ಮುಚ್ಚಲಾಗುವುದಿಲ್ಲ. ಕಾಯಿಯ ನೀರು ಕುಂಕುಮವನ್ನು ಕದಡಿಕೊಂಡು ನಡುವಿನ ತಗ್ಗಿಗೆ ಇಳಿಯಿತು, ಎರಡು ದಾರಿಯಾಗಿ ಒಡೆಯಿತು, ನಡುವಿನ ಎರಡು ಕಾಯಿಲುಗಳ ಕೊರಳನ್ನು ಸುತ್ತುಹಾಕಿತು, ಮತ್ತು ನಾನು ನೋಡುತ್ತಿದ್ದಂತೆಯೇ ಎರಡೂ ಬಾವಿಗಳೊಳಗೆ ಸದ್ದಿಲ್ಲದೆ ಇಳಿದುಹೋಯಿತು. ಬಿಸಿ ಎಂಜಿನ್ನಿನಿಂದ ಸಣ್ಣ ಆವಿ ಎದ್ದಿತು, ಮೇಲಿನ ಪಸೆ ಕಣ್ಣೆದುರೇ ಆರಿಹೋಯಿತು. ಹೋಳಿಗೆಯ ಹೂರಣದ ವಾಸನೆ.

ಮಾಸ್ತರರು ಬಾಗಿಲು ತೆಗೆದು ಒಳಗೆ ಕೂರುತ್ತಿದ್ದರು. "ಚಾವಿ ಹಚ್ಚಬ್ಯಾಡ್ರಿ ಮಾಸ್ತರ," ಎಂದೆ.

ನಡುವಿನ ಕಾಯಿಲ್ ಒಂದನ್ನು ಎಳೆದು ತೆಗೆದೆ. ಒಳಗೆ ಇಳಿಸಲು ಬೇರೇನೂ ಕೈಗೆ ಸಿಗದೆ, ನೀಲವ್ವನವರ ಆರತಿ ತಟ್ಟೆಯಿಂದ ಒಂದು ಹತ್ತಿಯ ಬತ್ತಿ ಬೇಡಿ ಪಡೆದು, ತಂತಿಗೆ ಸುತ್ತಿ ಬಾವಿಗೆ ಬಿಟ್ಟೆ. ನೆನೆದು ಮೇಲೆ ಬಂತು. ಪ್ರಸಾದಕ್ಕೆಂದು ಕೈ ಚಾಚಿ ನಿಂತವರೆಲ್ಲ ಆ ಬತ್ತಿಯನ್ನೇ ನೋಡುತ್ತಿದ್ದರು. ಹೇಗೆ ಹೇಳಬೇಕೆಂದು ನನಗೆ ತಿಳಿಯಲಿಲ್ಲ. ಒಬ್ಬ ಮುದುಕಿಯ ಭಕ್ತಿಯೇ ಗಾಡಿಯನ್ನು ಕೆಡಿಸುತ್ತಿತ್ತೆಂದು, ಅದೂ ಅವರ ಬಾಗಿಲಲ್ಲಿ, ಅದೂ ನಾನು ಹೇಳುವುದೆ? ನೀಲವ್ವ ನನಗೆ ಆ ಕಷ್ಟ ಕೊಡಲಿಲ್ಲ. ಬತ್ತಿಯನ್ನು ಕೈಗೆ ತೆಗೆದುಕೊಂಡು, ಮೂಸಿ, ಹಿಂಡಿ ನೋಡಿದರು.

"ಅಂದ್ರ ಇಷ್ಟ ದಿನಾ ಕೆಡಿಸಿದಾಕಿ ನಾನ ಏನು?"

"ಇಲ್ರಿ ಅವ್ವಾರ. ಮುಚ್ಚಳಾ ತಗದಾಂವ ನಾ."

"ಅಲ್ಲಿ ನೀರ ಹೋಗಬಾರದಂತ ನನಗೇನ ಗೊತ್ತು? ನಿನಗ ಗೊತ್ತಿತ್ತಿಲ್ಲೋ?"

"ಗೊತ್ತಿತ್ರಿ."

"ಮತ್ಯಾಕ ಸುಮ್ಮ ನಿಂತಿ?"

"ನಾ ನೋಡಿಲ್ರಿ. ಪ್ರತಿ ಸಲ ಕಣ್ಣ ಮುಚ್ಚಿದ್ನಿ."

"ಯಾಕ?"

"ನಿಮ್ಮ ಪೂಜಿ ಅಲ್ರಿ ಅವ್ವಾರ. ಮರ್ಯಾದಿ."

ಅವರು ಬತ್ತಿಯನ್ನು ಆರತಿ ತಟ್ಟೆಗೆ ಹಾಕಿದರು. ಬೈದಿದ್ದರೆ ತಲೆ ತಗ್ಗಿಸಿ ಕೇಳಿಕೊಳ್ಳುತ್ತಿದ್ದೆ. ಅದರ ರೂಢಿ ನನಗಿದೆ. ಅವರು ಬೈಯಲಿಲ್ಲ.

"ಮನಿ ಮಂದಿ ಅಂತ ನಿನ್ನ ಬಾಜೂಕ ನಿಲ್ಲಿಸ್ಕೊಂಡ್ರ," ಎಂದರು, "ನೀ ಬೀಗರಂಗ ನಿಂತಿ."

ಇಷ್ಟು ಹೇಳಿ ಒಳಗೆ ಹೋದರು. ನಂಟು ಅಲ್ಲಿಗೆ ಹರಿಯಿತೆಂದೇ ನಾನು ತಿಳಿದೆ. ಆದರೆ ಹೊರಗೆ ಬಂದಾಗ ಅವರ ಕೈಯಲ್ಲಿ ಹಳೆಯ ಸೀರೆಯ ಒಣ ತುಂಡಿತ್ತು. ಅದನ್ನು ನನ್ನ ಹೆಗಲಿಗೆ ಎಸೆದು, ಒರಸು ಎಂದರು. ನಾನು ಒರಸಿದೆ. ಅವರು ಪಕ್ಕದಲ್ಲಿ ನಿಂತು, ಇನ್ನೂ ಅದ, ಇನ್ನೂ ಅದ ಎಂದು ಮೂಲೆಮೂಲೆ ತೋರಿಸಿದರು.

ಆ ಬಳಿಕ ಕಾರು ಕೆಟ್ಟಿಲ್ಲ. ಈಗ ತೆಂಗಿನಕಾಯಿ ಬಾಗಿಲ ಮುಂದಿನ ಕಲ್ಲಿಗೆ ಒಡೆಯುತ್ತದೆ, ಮುಚ್ಚಳ ಮುಚ್ಚಿಯೇ ಇರುತ್ತದೆ, ಒಣ ಕುಂಕುಮ ಅದರ ಮೇಲೆಯೇ. ದೇವರಿಗೆ ಟೊಪ್ಪಿಗೆಯ ಅಭ್ಯಂತರವಿಲ್ಲವೆಂದು ನೀಲವ್ವನವರೇ ತೀರ್ಮಾನಿಸಿದ್ದಾರೆ. ಪೂಜೆಗೆ ನನ್ನನ್ನು ತಪ್ಪದೆ ಕರೆಯುತ್ತಾರೆ. ಗಂಟೆ ಬಾರಿಸುವ ಮೊದಲು ನನ್ನ ಕಡೆ ತಿರುಗಿ, "ಕಣ್ಣ ತಗದೀಯಿಲ್ಲೋ?" ಎಂದು ಕೇಳುತ್ತಾರೆ. ನೆರೆದವರು ನಗುತ್ತಾರೆ. ಈ ಕಥೆಯನ್ನು ಅವರೇ ಟಿಕೋಟದ ತುಂಬ ಹಂಚಿದ್ದಾರೆ. ತಮ್ಮ ಪಾಲಿನ ತಪ್ಪನ್ನೂ ಬಿಡದೆ, ನಗುನಗುತ್ತ. ಬಸ್ಸು ಹತ್ತಿ ಅದು ನಗರಕ್ಕೂ ಬಂದಿದೆ. ಮೊನ್ನೆ ಇಟ್ಟಂಗಿಹಾಳದಿಂದ ಬಂದ ಗಿರಾಕಿಯೊಬ್ಬರು ಗಾಡಿ ಬಿಟ್ಟು ಹೋಗುವಾಗ, ಕಣ್ಣ ತಗದ ನೋಡ್ರಿ ಮತ್ತ ಎಂದರು. ಬಿಡಿಭಾಗದ ಅಂಗಡಿಯವರ ಬಳಿಗೆ ಹೋಗಿ, ಅದೇ ನಾಲ್ಕು ಜನರಿರುವ ಹೊತ್ತು ನೋಡಿ, ನನ್ನ ಮಾತನ್ನು ಹಿಂತೆಗೆದುಕೊಂಡು ಬಂದಿದ್ದೇನೆ.

ಈ ನಗೆಗಳ ನಾಚಿಕೆ ದಿನಕಳೆದಂತೆ ಸವೆಯುತ್ತದೆ. ಮಿಸ್ತ್ರಿಯ ಚರ್ಮ ದಪ್ಪ. ಸವೆಯದಿರುವುದು ಬೇರೆ. ಗೊತ್ತಿರಲಿಲ್ಲವೆಂದು ಹೇಳಿಕೊಳ್ಳುವ ಭಾಗ್ಯ ನನಗಿಲ್ಲ. ಇಡೀ ಕೆಲಸದಲ್ಲಿ ನಾನು ಕಣ್ಣು ಮುಚ್ಚಿದ್ದು ಒಂದೇ ಕಡೆ, ಅದೂ ಕೆಡುಕಾಗುವ ಕ್ಷಣದಲ್ಲಿಯೇ. ಮರ್ಯಾದೆ ಎಂದು ನಾನು ಕೊಟ್ಟದ್ದು ಅವರಿಗೆ ದೂರವಾಗಿ ಮುಟ್ಟಿತು. ತಂದೆ ಮದುಮಗಳ ಅಳುವನ್ನು ಕೇಳಿಯೂ ಕೇಳದವರಂತೆ ಲಗಾಮು ಹಿಡಿದು ಸುಮ್ಮನಿದ್ದಿದ್ದರೆ, ಅದೂ ಮರ್ಯಾದೆಯೇ ಆಗುತ್ತಿತ್ತು, ನಂಟು ಆಗುತ್ತಿರಲಿಲ್ಲ. ಇದು ಹೊಳೆದಂದಿನಿಂದ ಈ ಕಾಯಿಲ್ ಗುಜರಿಗೆ ಹೋಗದೆ ಮೇಜಿನ ಮೇಲೆ ಉಳಿದಿದೆ.

ಇದನ್ನು ಬರೆಯಲು ಹೇಳಿದವರು ಶಿವಾನಂದ ಮಾಸ್ತರರು. ಬರೆದದ್ದನ್ನು ತಾವೇ ತಿದ್ದಿ ಕೊಡುವುದಾಗಿಯೂ ಹೇಳಿದರು. ನಾನು ಒಪ್ಪಲಿಲ್ಲ. ಅವರು ಬಹಳ ಸೌಜನ್ಯದವರು. ಹಿರಿಯ ಮಿಸ್ತ್ರಿಯ ಮನಸ್ಸು ನೋಯಬಾರದೆಂದು ಅರ್ಧ ತಪ್ಪುಗಳನ್ನು ಕಂಡೂ ಕಾಣದಂತೆ ಬಿಟ್ಟುಬಿಡುತ್ತಾರೆ. ಆದ್ದರಿಂದ ಸದರಿ ಬರಹವನ್ನು ನೇರವಾಗಿ ತಮ್ಮ ಮುಂದೆ ಇಟ್ಟಿದ್ದೇನೆ. ಇದರಲ್ಲಿ ಕಾಗುಣಿತದ, ವಾಕ್ಯದ ಅಥವಾ ನಡತೆಯ ಯಾವುದೇ ತಪ್ಪು ಕಂಡುಬಂದಲ್ಲಿ ತಾವು ದಯಮಾಡಿ ಬೆರಳಿಟ್ಟು ತೋರಿಸಿ ತಿದ್ದಬೇಕಾಗಿ ಕಳಕಳಿಯಿಂದ ವಿನಂತಿಸುತ್ತೇನೆ. ಹೊಸಬ ಬರೆದಿದ್ದಾನೆ ಎಂಬ ಮರ್ಯಾದೆಗೆ ಕಣ್ಣು ಮುಚ್ಚಬೇಡಿ. ಬೀಗರಂತೆ ಓದಬೇಡಿ.